ಮಾತಾಡಬಹುದು, ಹಾಡಲಾಗಬಾರದು

ವಾಲ್ಪರೈಸೊ ಬಂದರಿನಲ್ಲಿ ಸಮನೆಲ ಕಡಿಮೆ,
ಉಳಿದದ್ದೆಲ್ಲ ಏರು.
ತಗಡಿನ ಮನೆಗಳು, ನೀಲಿ, ಸಾಸಿವೆಹಳದಿ,
ಒಂದರ ಹೆಗಲ ಮೇಲೊಂದು ಕಾಲೂರಿ
ಕಡಲ ಕಡೆ ಇಣುಕುತ್ತವೆ.
ಗುಡ್ಡ ಹತ್ತಿಸುವ ಹಗ್ಗದ ಗಾಡಿ ಕೆಟ್ಟು ಎರಡು ವರ್ಷ.
ಹಾಗಾಗಿ ಮೆಟ್ಟಿಲು: ನೂರಾ ಅರವತ್ತೊಂದು.
ನಾನು ಎಣಿಸಿದ್ದೇನೆ.
ದೊನ್ ಬೆಲಿಸಾರಿಯೊ ಕೂಡ ಎಣಿಸಿದ್ದಾನೆ,
ಗ್ಯಾಸಿನ ಸಿಲಿಂಡರು ಹೊತ್ತು,
ಮೂವತ್ತೆಂಟು ವರ್ಷ.

ಈಗ ಎದೆಯೊಳಗೆ ಎರಡು ಸ್ಟೆಂಟು.
ಗುಡ್ಡದ ಬುಡದ ಆರೋಗ್ಯಕೇಂದ್ರಕ್ಕೆ ಬಂದವನು
ನನ್ನ ರಬ್ಬರ್ ಪಟ್ಟಿ, ಎರಡು ಕಿಲೋದ ಡಂಬೆಲ್ ನೋಡಿ
ಮೀಸೆಯೊಳಗೇ ನಕ್ಕ.
"ಇದನ್ನು ನನ್ನ ಬೆಕ್ಕು ಎತ್ತುತ್ತದೆ, ಮಗಳೇ.
ನನಗೆ ವ್ಯಾಯಾಮ ಕಲಿಸುತ್ತೀಯಾ?
ಈ ಗುಡ್ಡದಲ್ಲಿ ಬೆಂದ ಒಂದೊಂದು ಆಲೂಗಡ್ಡೆಯ ಬೆಂಕಿಯೂ
ಈ ಬೆನ್ನೇರಿ ಹೋದದ್ದು."

ಉತ್ತರ ಪುಸ್ತಕದಲ್ಲಿತ್ತು, ಬಾಯಿಗೆ ಬರಲಿಲ್ಲ.
ಸುಮ್ಮನೆ ಮಣಿಕಟ್ಟು ಹಿಡಿದೆ.
ನಿಮಿಷಕ್ಕೆ ತೊಂಬತ್ತು.
ಕುರ್ಚಿಯಲ್ಲಿ ಕೂತವನ ಎದೆ
ಇನ್ನೂ ಮೆಟ್ಟಿಲು ಹತ್ತುತ್ತಲೇ ಇತ್ತು.
ಎಡ ಹೆಗಲು ಬಲಕ್ಕಿಂತ ಎರಡು ಬೆರಳು ಕೆಳಗೆ,
ಇಲ್ಲದ ಸಿಲಿಂಡರಿಗೆ
ಜಾಗ ಬಿಟ್ಟುಕೊಂಡು.

ಮೊದಲ ವಾರ ಹನ್ನೆರಡೇ ಮೆಟ್ಟಿಲು.
ಆಮೇಲೆ ಕೂರಬೇಕು, ಅಂದೆ.
ಕೂರಲಿಲ್ಲ. ಕಿಟಕಿಗಳು ನೋಡುತ್ತಿದ್ದವು.
ಹನ್ನೆರಡನೆಯದರ ಮೇಲೆ ಕೂತ ಗ್ಯಾಸಿನವನಿಂದ
ಯಾರು ಗ್ಯಾಸು ಕೊಳ್ಳುತ್ತಾರೆ?
ಗದರಿದೆ. ಕೂತ.
ತುಸು ಹೊತ್ತಾದ ಮೇಲೆ, ತನಗೇ ಎಂಬಂತೆ:
"ಇಲ್ಲಿಂದ ಕಡಲು ಕಾಣುತ್ತಾ?"
ಮೂವತ್ತೆಂಟು ವರ್ಷ ಕಂಡದ್ದು
ಮುಂದಿನ ಮೆಟ್ಟಿಲು, ಅದರ ಮುಂದಿನದು.

ಅಳತೆ ಸುಲಭ, ಯಂತ್ರ ಬೇಡ.
ಹತ್ತುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು.
ಮಾತು ತುಂಡಾದರೆ ನಿಲ್ಲು.
ಹಾಡು ಬಂದರೆ ಇನ್ನಷ್ಟು ಬೀಸಾಗಿ ಹತ್ತು.
ಆತ ಮಾತೇ ಆರಿಸಿಕೊಂಡ:
ಈ ಬಾಗಿಲಿನವಳು ಮೂರು ಸಿಲಿಂಡರಿನ ದುಡ್ಡು ಬಾಕಿ,
ಆ ಬಾಗಿಲಿನವನು ಸತ್ತ, ಅವನದೂ ಬಾಕಿ.
ಇಪ್ಪತ್ತರಲ್ಲಿ ತುಂಡಾಗುತ್ತಿದ್ದ ಮಾತು
ಆಗಸ್ಟಿನ ಚಳಿಯಲ್ಲಿ ನಲವತ್ತಕ್ಕೆ ಬಂತು,
ಆಮೇಲೆ ಅರವತ್ತು. ಒಂದು ವಾರ ಜ್ವರ; ಮತ್ತೆ ಮೂವತ್ತು.
ಬೈದುಕೊಂಡ. ನನ್ನನ್ನೂ ಬೈದ.
ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲು ಅಂದದ್ದಕ್ಕೆ
ಕೊಕ್ಕರೆ ಅಂತ ನನಗೆ ಹೆಸರಿಟ್ಟ.

ಗುರುವಾರ ಏನೂ ಇಲ್ಲ, ಎಂದು ಚೀಟಿಯಲ್ಲಿ ಬರೆದಾಗ
"ಸುಮ್ಮನಿರಲೂ ಚೀಟಿಯಾ?"
ಮೈ ಗಟ್ಟಿಯಾಗುವುದು ಭಾರ ಎತ್ತುವಾಗ ಅಲ್ಲ,
ಎತ್ತಿದ್ದನ್ನು ಇಳಿಸಿ ಮಲಗಿದ ಮೇಲೆ, ಅಂದೆ.
ಚೀಟಿಯನ್ನು ನಾಲ್ಕು ಮಡಿಕೆ ಮಡಿಚಿದ.
ಜೇಬಿಗಿಟ್ಟ.
"ನನಗೆ ಗುರುವಾರ ಅಂತ ಇರಲೇ ಇಲ್ಲ."
ಅಷ್ಟೇ. ಆವತ್ತು ಬೇರೆ ಮಾತಿಲ್ಲ.

ನವೆಂಬರ್, ಬಿಸಿಲು ಎಳೆಯದು.
ಕೂತಾಗ ನಾಡಿ ಎಪ್ಪತ್ತೆರಡು.
ನೂರಾ ಹತ್ತು ದಾಟಿ, ನೂರಾ ಮೂವತ್ತು ದಾಟಿ,
ಆತ ಮುಂದೆ, ನಾನು ಹಿಂದೆ.
ಉಂಗುರದ ಬೆರಳಿನಿಂದ ಕಬ್ಬಿಣದ ಕಂಬಿಗೆ ಬಡಿದ,
ಟಣ್ ಟಟಣ್, ಟಣ್ ಟಟಣ್,
ಹಿಂದೆ ಸಿಲಿಂಡರಿಗೆ ಸಲಾಕೆ ಬಡಿದು
ಬೀದಿಗೆ ಕೂಗುತ್ತಿದ್ದ ಲಯ.
ಅದರ ಮೇಲೆ, ಗಂಟಲು ಸರಿಪಡಿಸಿಕೊಂಡು,
ಏನೋ ಒಂದು ಹಳೆಯ ವಾಲ್ಟ್ಸು, ಅರ್ಧ ತಪ್ಪು ರಾಗ.

ಹಸಿರು ಕಿಟಕಿ ತೆರೆದು ಒತಿಲಿಯಾ ಅಜ್ಜಿ
ನಿದ್ದೆಗಣ್ಣಲ್ಲೇ ಕೂಗಿದಳು: "ಒಂದು ಬೇಕಪ್ಪಾ, ಹದಿನೈದು ಕಿಲೋದ್ದು!"
"ಇವತ್ತು ಸಿಲಿಂಡರಿಲ್ಲ, ಸೆನ್ಯೋರಾ.
ಬರೀ ನಾನು."

ಹಾಡು ಬಂತು. ನಿಯಮದ ಪ್ರಕಾರ
ಇನ್ನಷ್ಟು ಬೀಸಾಗಿ ಹತ್ತು ಎನ್ನಬೇಕಿತ್ತು.
ಹದಿನೈದು ಮೆಟ್ಟಿಲು ಕೆಳಗೆ
ಕಂಬಿ ಹಿಡಿದು ನಿಂತಿದ್ದೆ.
ಹಾಡಿರಲಿ,
ನನಗೆ ಮಾತೂ ಬರುತ್ತಿರಲಿಲ್ಲ.